ಮುಚ್ಚಿಹೋಗುವ ಕೆಲಸಕ್ಕೆ ಸಾಕ್ಷಿ ಯಾರು?

ನಿಮಗೆ ಪರಿಚಿತವಾದ ಒಂದು ದೃಶ್ಯವನ್ನು ಕಣ್ಣೆದುರು ತಂದುಕೊಳ್ಳಿ. ಅಳ್ನಾವರದ ಒಂದು ಸಾಧಾರಣ ಹಂಚಿನ ಮನೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಿದೆ. ಮನೆಯ ಹಿರಿಯ ಹುಡುಗ ಎರಡು ವಿಷಯಗಳಲ್ಲಿ ಅನುತ್ತೀರ್ಣನಾಗಿದ್ದಾನೆ. ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ತಂದೆಗೆ ಮಾತೇ ಹೊರಡುತ್ತಿಲ್ಲ. ಸುದ್ದಿ ಕೇಳಿ ಬಂದ ಮಾಮು ಚಹದ ಬಟ್ಟಲು ಕೆಳಗಿಟ್ಟು ತೀರ್ಪು ಹೇಳುತ್ತಾನೆ: "ಇನ್ನ ಇವಗ ಓದು ಹತ್ತಂಗಿಲ್ಲ. ಯಾರರ ಗವಂಡಿ ಕೈಯಾಗ ಕೊಟ್ಟುಬಿಡ್ರಿ. ನಾಕು ರೊಕ್ಕರ ತರ್ತಾನ."

ಮುಂದಿನ ಸೋಮವಾರ ಆ ಹುಡುಗ ಊಟದ ಡಬ್ಬಿ ಹಿಡಿದು, ಯಾರದೋ ಹಿಂದೆ, ಧಾರವಾಡದ ಬಸ್ಸು ಹತ್ತುತ್ತಾನೆ. ಅವನನ್ನು ಕಳಿಸಿಕೊಟ್ಟ ಮನೆಯವರ ಮನಸ್ಸಿನಲ್ಲಿ ಎರಡು ಭಾವನೆಗಳಿರುತ್ತವೆ. ಒಂದು, ಸ್ವಲ್ಪ ನಾಚಿಕೆ. ಇನ್ನೊಂದು, ಹೇಗೋ ಒಂದು ದಾರಿಯಾಯಿತಲ್ಲ ಎಂಬ ಸಮಾಧಾನ. ಆದರೆ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿರುವುದಿಲ್ಲ: ಆ ಮನುಷ್ಯ ಎಂಥವನು? ಅವನಿಂದ ನಮ್ಮ ಮಗ ಏನನ್ನು ಕಲಿಯುತ್ತಾನೆ?

ಮಗಳಿಗೆ ವರ ಹುಡುಕುವಾಗ ನಾವು ನಾಲ್ಕು ಊರು ವಿಚಾರಿಸುತ್ತೇವೆ. ಎಮ್ಮೆ ಕೊಳ್ಳುವಾಗ ಹಲ್ಲು ನೋಡುತ್ತೇವೆ. ಮಗನ ಬಾಳಿನ ಅತ್ಯಂತ ಎಳೆಯ ಮೂರು ನಾಲ್ಕು ವರ್ಷಗಳನ್ನು ಒಬ್ಬ ಉಸ್ತಾದನ ಕೈಗೆ ಒಪ್ಪಿಸುವಾಗ ಮಾತ್ರ ದಿನಗೂಲಿ ಎಷ್ಟೆಂದಷ್ಟೇ ಕೇಳಿ ಸುಮ್ಮನಾಗುತ್ತೇವೆ. ಇದು ಸರಿಯೇ ಎಂದು ಈ ಲೇಖನದಲ್ಲಿ ನಿಮ್ಮೊಡನೆ ಕುಳಿತು ಯೋಚಿಸಬಯಸುತ್ತೇನೆ.

ನಾಚಿಕೆ ಯಾತಕ್ಕೆ?

ಮೊದಲು ನಾಚಿಕೆಯ ಮಾತು. ಅಳ್ನಾವರ ಕಾಡು ಮತ್ತು ಬಯಲುಸೀಮೆಯ ನಡುವಿನ ಊರು. ಒಂದು ಬದಿಗೆ ಹಳಿಯಾಳ, ದಾಂಡೇಲಿಯ ಸಾಗುವಾನಿ ಕಾಡು. ಇನ್ನೊಂದು ಬದಿಗೆ ಬೆಳೆಯುತ್ತಲೇ ಇರುವ ಧಾರವಾಡ, ಹುಬ್ಬಳ್ಳಿ. ಲೋಂಡಾ ಕಡೆಯ ರೈಲು ಮಾರ್ಗದಿಂದ ದಾಂಡೇಲಿಯ ಕವಲು ಒಡೆಯುವುದೂ ಇಲ್ಲಿಯೇ. ಇಂಥ ಊರಿನಲ್ಲಿ ಬಡಿಗತನ, ಗವಂಡಿ ಕೆಲಸ, ಸೆಂಟ್ರಿಂಗ್, ವೈರಿಂಗ್, ನಳದ ಕೆಲಸಗಳು ಅನೇಕ ಕುಟುಂಬಗಳ ಅನ್ನವಾಗಿದ್ದರೆ ಆಶ್ಚರ್ಯವೇನಿಲ್ಲ. ಆದರೂ "ನಮ್ಮ ಹುಡುಗ ಗವಂಡಿ ಕೆಲಸ ಕಲೀತಾನ" ಎನ್ನುವಾಗ ನಮ್ಮ ದನಿ ಏಕೋ ತಗ್ಗುತ್ತದೆ.

ಇದು ನಮ್ಮ ಧರ್ಮ ಕಲಿಸಿದ ನಾಚಿಕೆಯಲ್ಲ. ಪ್ರವಾದಿ ನೂಹ್(ಅ)ರು ಜನರ ಅಪಹಾಸ್ಯದ ನಡುವೆ ತಮ್ಮ ಕೈಯಿಂದ ಹಡಗು ಕಟ್ಟಿದರು. ಪ್ರವಾದಿ ದಾವೂದ್(ಅ)ರಿಗೆ ಅಲ್ಲಾಹನು ಕಬ್ಬಿಣದ ಕವಚ ಮಾಡುವ ವಿದ್ಯೆ ಕಲಿಸಿದನು. ಪ್ರವಾದಿ ಝಕರಿಯ್ಯಾ(ಅ)ರು ಬಡಗಿಯಾಗಿದ್ದರೆಂದು ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿದೆ. ಕಅಬಾದ ಗೋಡೆಗಳನ್ನು ಎತ್ತರಿಸಿದವರು ತಂದೆ ಇಬ್ರಾಹೀಮ್(ಅ) ಮತ್ತು ಮಗ ಇಸ್ಮಾಯೀಲ್(ಅ). ಮಗ ಕಲ್ಲು ತಂದುಕೊಟ್ಟ, ತಂದೆ ಇಟ್ಟರು. ತಮ್ಮ ಈ ಸೇವೆಯನ್ನು ಸ್ವೀಕರಿಸು ಎಂದು ಇಬ್ಬರೂ ಒಡೆಯನಲ್ಲಿ ಬೇಡಿಕೊಂಡರು. ಜಗತ್ತಿನ ಮುಸ್ಲಿಮರೆಲ್ಲ ಮುಖ ಮಾಡಿ ನಿಲ್ಲುವ ಆ ಕಟ್ಟಡವನ್ನು ಎತ್ತಿದವರು ಕಲ್ಲು ಹೊತ್ತ ಒಂದು ತಂದೆ-ಮಗನ ಜೋಡಿ ಎಂಬುದನ್ನು ನಾವು ನೆನಪಿಡಬೇಕು.

ಮದೀನದ ಮಸೀದಿ ಕಟ್ಟುವಾಗಿನ ಒಂದು ಘಟನೆಯೂ ಮನನೀಯವಾಗಿದೆ. ಪ್ರವಾದಿವರ್ಯರು(ಸ) ಸ್ವತಃ ಸಹಾಬಿಗಳೊಡನೆ ಇಟ್ಟಿಗೆ ಹೊರುತ್ತಿದ್ದರು. ಯಮಾಮ ಪ್ರದೇಶದಿಂದ ಬಂದಿದ್ದ ತಲ್ಕ್ ಬಿನ್ ಅಲೀ(ರ)ಯವರಿಗೆ ಮಣ್ಣು ಕಲಸುವ ಕೆಲಸದಲ್ಲಿ ಒಳ್ಳೆಯ ನೈಪುಣ್ಯವಿತ್ತು. ಅದನ್ನು ಗಮನಿಸಿದ ಪ್ರವಾದಿವರ್ಯರು(ಸ), ಮಣ್ಣಿನ ಕೆಲಸವನ್ನು ಅವರಿಗೇ ಬಿಟ್ಟುಕೊಡುವಂತೆ ಹೇಳಿದರೆಂದು ವರದಿಯಾಗಿದೆ. ಮಣ್ಣು ಕಲಸುವುದನ್ನೂ ಒಂದು ವಿದ್ಯೆಯೆಂದು ಅವರು ಕಂಡರು. ಆ ವಿದ್ಯೆ ಬಲ್ಲವನ ಕೈಯಲ್ಲೇ ಆ ಕೆಲಸ ಇರಬೇಕೆಂದು ಬಯಸಿದರು.

ಹಾಗಾದರೆ ನಾಚಿಕೆಪಡಬೇಕಾದುದು ಯಾವುದಕ್ಕೆ? ಕೆಲಸಕ್ಕಲ್ಲ, ಕಳ್ಳ ಕೆಲಸಕ್ಕೆ. ಇಲ್ಲಿಂದಲೇ ನಿಜವಾದ ಪ್ರಶ್ನೆ ಆರಂಭವಾಗುತ್ತದೆ.

ಕಟ್ಟಡದ ಕೆಲಸ ಮುಚ್ಚಿಹೋಗುತ್ತದೆ

ದರ್ಜಿ ಹೊಲಿದ ಅಂಗಿಯನ್ನು ನೀವು ತಿರುಗಿಸಿ ನೋಡಬಹುದು. ರೊಟ್ಟಿ ಹಸಿಯಾಗಿದ್ದರೆ ನಾಲಿಗೆಗೆ ತಿಳಿಯುತ್ತದೆ. ಆದರೆ ಮನೆ ಕಟ್ಟುವ ಕಸುಬಿನಲ್ಲಿ ಅತ್ಯಂತ ಮುಖ್ಯವಾದುದೆಲ್ಲ ಕೊನೆಗೆ ಕಣ್ಣಿಗೆ ಕಾಣದಂತೆ ಮುಚ್ಚಿಹೋಗುತ್ತದೆ. ಅಡಿಪಾಯ ಮಣ್ಣಿನಡಿಗೆ ಹೋಗುತ್ತದೆ. ಕಬ್ಬಿಣದ ಸರಳು ಕಾಂಕ್ರೀಟಿನೊಳಗೆ ಹೋಗುತ್ತದೆ. ವೈರು, ಪೈಪುಗಳು ಗಿಲಾವಿನ ಹಿಂದೆ ಹೋಗುತ್ತವೆ. ಮೇಲೆ ಬಣ್ಣ ಬಳಿದ ಮೇಲೆ ಒಳ್ಳೆಯ ಗೋಡೆಯೂ ಕೆಟ್ಟ ಗೋಡೆಯೂ ಒಂದೇ ರೀತಿ ಹೊಳೆಯುತ್ತವೆ.

ಒಂದು ಉದಾಹರಣೆ ನೋಡಿ. ಮನೆಯ ಸ್ಲ್ಯಾಬಿಗೆ ಸಾಮಾನ್ಯವಾಗಿ ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಉಸುಕು, ಮೂರು ಪಾಲು ಖಡಿಯ ಮಿಶ್ರಣ ಹಾಕುತ್ತಾರೆ. ಈ ಮಿಶ್ರಣಕ್ಕೆ 50 ಕಿಲೋದ ಒಂದು ಚೀಲ ಸಿಮೆಂಟಿಗೆ 30 ಲೀಟರ್‌ಗಿಂತ ಹೆಚ್ಚು ನೀರು ಕೂಡದು ಎಂದು ನಮ್ಮ ದೇಶದ ಕಾಂಕ್ರೀಟ್ ಸಂಹಿತೆಯಾದ ಐ.ಎಸ್. 456 ಹೇಳುತ್ತದೆ. ಉಸುಕಿನಲ್ಲಿ ಮೊದಲೇ ಇರುವ ತೇವವೂ ಆ ಲೆಕ್ಕಕ್ಕೇ ಸೇರಬೇಕು. ಆದರೆ ನೀರು ಕಡಿಮೆಯಾದಷ್ಟೂ ಕಲಸುವವನ ತೋಳು ನೋಯುತ್ತದೆ. ಇನ್ನೊಂದು ಕೊಡ ನೀರು ಸುರಿದರೆ ಮಾಲು ಸರಾಗವಾಗಿ ಹರಿಯುತ್ತದೆ. ಕೆಲಸ ಬೇಗ ಮುಗಿಯುತ್ತದೆ. ಆ ಹೆಚ್ಚಿನ ನೀರು ಮುಂದೆ ಆರಿಹೋಗುವಾಗ ಕಾಂಕ್ರೀಟಿನೊಳಗೆ ಸಣ್ಣ ಸಣ್ಣ ರಂಧ್ರಗಳನ್ನು ಬಿಟ್ಟುಹೋಗುತ್ತದೆ. ಸ್ಲ್ಯಾಬಿನ ಬಲ ಕುಗ್ಗುತ್ತದೆ. ಮಳೆಯ ನೀರು ಒಳಗಿಳಿದು ಸರಳಿಗೆ ತುಕ್ಕು ಹತ್ತುತ್ತದೆ. ಇದು ಗೊತ್ತಾಗುವುದು ಇವತ್ತಲ್ಲ. ಹತ್ತು ಹದಿನೈದು ವರ್ಷಗಳ ನಂತರ. ಅಷ್ಟರಲ್ಲಿ ಕೊಡ ಸುರಿದವನು ಯಾವ ಊರಿನಲ್ಲಿದ್ದಾನೋ!

ಸರಳಿನ ವಿಷಯವೂ ಹಾಗೆಯೇ. ಸರಳು ಸೆಂಟ್ರಿಂಗ್ ಹಲಗೆಗೆ ತಾಗಿ ಕೂಡದಂತೆ ಅದರ ಕೆಳಗೆ ಸಣ್ಣ ಕವರ್ ಬ್ಲಾಕುಗಳನ್ನು ಇಡಬೇಕು. ಸ್ಲ್ಯಾಬಿಗೆ 20 ಮಿಲಿಮೀಟರ್, ಕಂಬಕ್ಕೆ 40 ಮಿಲಿಮೀಟರ್ ದಪ್ಪದ ಕಾಂಕ್ರೀಟಿನ ಹೊದಿಕೆ ಸರಳಿಗೆ ಬೇಕು. ಬೆರಳಿನಷ್ಟೇ ದಪ್ಪದ ಈ ತುಂಡುಗಳನ್ನು ಇಡದಿದ್ದರೆ ಯಾರಿಗೂ ತಿಳಿಯದು. ವಿದ್ಯುತ್ ಕೆಲಸದಲ್ಲಿ ಹಸಿರು ಬಣ್ಣದ ಅರ್ಥಿಂಗ್ ವೈರು ಜೋಡಿಸದೆ ಬಿಟ್ಟರೂ ದೀಪ ಉರಿಯುತ್ತದೆ, ಫ್ಯಾನು ತಿರುಗುತ್ತದೆ. ಅದರ ಕೊರತೆ ಗೊತ್ತಾಗುವುದು ಒದ್ದೆ ಕೈಯ ಗೃಹಿಣಿಯೊಬ್ಬಳು ಕೆಟ್ಟ ಮಿಕ್ಸಿಯನ್ನೋ ಹೀಟರನ್ನೋ ಮುಟ್ಟಿದ ದಿನ.

ಈಗ ಹುಡುಗನ ಕಡೆಗೆ ಬನ್ನಿ. ಸುಡುಬಿಸಿಲು. ಮಾಲಕರು ಊಟಕ್ಕೆ ಹೋಗಿದ್ದಾರೆ. ಹುಡುಗ ಕೊಡ ಹಿಡಿದು ಕೇಳುತ್ತಾನೆ: "ಉಸ್ತಾದ್, ಮಾಲು ಗಟ್ಟಿ ಆಗೇತ್ರೀ. ಇನ್ನೊಂದು ಕೊಡ ಹಾಕಲ್ರೀ? ಮಾಲಕರು ಇಲ್ಲಲ್ರೀ." ಆ ಕ್ಷಣದಲ್ಲಿ ಉಸ್ತಾದನ ಬಾಯಿಂದ ಬರುವ ಮಾತೇ ಹುಡುಗನ ನಿಜವಾದ ಪಾಠ. "ಹಾಕು, ಯಾರು ನೋಡ್ತಾರ?" ಎಂದರೆ ಅವನು ಒಂದು ಧರ್ಮವನ್ನು ಕಲಿತ. "ಬ್ಯಾಡೋ ಬೇಟಾ, ಸಲಿಕೀಲೆ ಇನ್ನೊಮ್ಮೆ ತಿರುವು. ಈ ಸ್ಲ್ಯಾಬಿನ ಕೆಳಗ ಕೂಸು ಮಲಗತೈತಿ" ಎಂದರೆ ಇನ್ನೊಂದು ಧರ್ಮವನ್ನು ಕಲಿತ. ಥಾಪಿ ಹಿಡಿಯುವುದನ್ನು ಆರು ತಿಂಗಳಲ್ಲಿ ಕಲಿಸಬಹುದು. ಮಾಲಕನಿಲ್ಲದ ಹೊತ್ತಿನಲ್ಲಿ ಉಸ್ತಾದ ಏನು ಮಾಡುತ್ತಾನೆ ಎಂಬುದನ್ನು ಮಾತ್ರ ಹುಡುಗ ದಿನವೂ, ಯಾರೂ ಕಲಿಸದೆಯೇ, ಕಣ್ಣಿನಿಂದ ಕಲಿಯುತ್ತಿರುತ್ತಾನೆ. ಆ ಪಾಠ ಅವನ ಜೊತೆ ನಲವತ್ತು ವರ್ಷ ನಡೆಯುತ್ತದೆ.

ಮದೀನದ ಪೇಟೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಪ್ರವಾದಿವರ್ಯರು(ಸ) ಕೈಹಾಕಿ ನೋಡಿದ ಪ್ರಸಂಗ ನಿಮಗೆಲ್ಲ ತಿಳಿದಿದೆ. ಮೇಲೆ ಒಣ ಧಾನ್ಯ, ಒಳಗೆ ತೇವ. ಮಳೆಗೆ ನೆನೆಯಿತು ಎಂದು ವ್ಯಾಪಾರಿ ಸಮಜಾಯಿಷಿ ಹೇಳಿದ. ನೆನೆದುದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲ ಎಂದು ಪ್ರವಾದಿವರ್ಯರು(ಸ) ಕೇಳಿದರು. ವಂಚಿಸುವವನು ತಮ್ಮವನಲ್ಲವೆಂದು ಎಚ್ಚರಿಸಿದರು. ಧಾನ್ಯದ ರಾಶಿಯೊಳಗೆ ಕೈ ಹಾಕಬಹುದು. ಕಾಂಕ್ರೀಟಿನೊಳಗೆ ಯಾರು ಕೈ ಹಾಕಿಯಾರು? ಅಲ್ಲಿ ಕಟ್ಟುವವನ ಮನಸ್ಸಾಕ್ಷಿಯೇ ಕಾವಲು, ಅಲ್ಲಾಹನೇ ಸಾಕ್ಷಿ.

ನಮ್ಮ ಜಿಲ್ಲೆಯ ಒಂದು ಕಹಿ ನೆನಪು

ಇವೆಲ್ಲ ದೂರದ ಮಾತೆಂದು ತಿಳಿಯಬೇಡಿ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡವೊಂದು ಕುಸಿದುಬಿತ್ತು. 19 ಮಂದಿ ಪ್ರಾಣ ಕಳೆದುಕೊಂಡರು. ಅವಶೇಷಗಳಡಿಯಿಂದ ಜನರನ್ನು ಹೊರತೆಗೆಯುವ ಕೆಲಸ ಹಲವು ದಿನ ನಡೆಯಿತು. ಆ ದಿನಗಳಲ್ಲಿ ಅಳ್ನಾವರದಿಂದ ಕುಂದಗೋಳದವರೆಗೆ, ಮನೆಯಿಂದ ಯಾರಾದರೂ ಧಾರವಾಡಕ್ಕೆ ಕೆಲಸಕ್ಕೆ ಹೋಗಿದ್ದ ತಾಯಂದಿರ ಎದೆ ಹೇಗೆ ಬಡಿದುಕೊಂಡಿರಬೇಕು!

ಆ ದುರಂತದಲ್ಲಿ ಯಾರ ತಪ್ಪು ಎಷ್ಟು ಎಂದು ತೂಗುವುದು ಕಾನೂನಿನ ಕೆಲಸ, ನಮ್ಮದಲ್ಲ. ನಾವು ತೆಗೆದುಕೊಳ್ಳಬೇಕಾದ ಪಾಠ ಬೇರೆ. ಒಂದು ಕಟ್ಟಡ ಎಂದರೆ ಅನೇಕ ಕೈಗಳ ಮಾತು: ನಕ್ಷೆ ಬರೆದವನ ಮಾತು, ಅನುಮತಿ ಕೊಟ್ಟವನ ಮಾತು, ಹಣ ಹಾಕಿದವನ ಮಾತು, ಸಾಮಾನು ಪೂರೈಸಿದವನ ಮಾತು, ಸರಳು ಕಟ್ಟಿದವನ ಮಾತು, ಮಾಲು ಕಲಸಿದವನ ಮಾತು. ಅದರಡಿಯಲ್ಲಿ ನಿಲ್ಲುವವನು ಈ ಮಾತುಗಳನ್ನೆಲ್ಲ ನಂಬಿ ನಿಂತಿರುತ್ತಾನೆ. ಅವನಿಗೆ ಆ ಜನರ ಹೆಸರೂ ಗೊತ್ತಿರುವುದಿಲ್ಲ. ನಮ್ಮ ಹುಡುಗ ಕಲಿಯಹೊರಟಿರುವುದು ಹೆಸರು ತಿಳಿಯದ ಜನರ ಪ್ರಾಣವನ್ನು ಕೈಯಲ್ಲಿ ಹಿಡಿಯುವ ಕಸುಬು. ಅಮಾನತ್ ಎಂಬ ಪದಕ್ಕೆ ಇದಕ್ಕಿಂತ ಭಾರವಾದ ಅರ್ಥ ಎಲ್ಲಿದೆ?

"ಹೊಟ್ಟೆಪಾಡು ಏನ್ ಮಾಡೂದು?"

ಇಲ್ಲಿ ನಿಮ್ಮಲ್ಲಿ ಕೆಲವರು ಆಕ್ಷೇಪಿಸಬಹುದು. "ಸಾಹೇಬರೇ, ಇದೆಲ್ಲ ಹೇಳಲು ಚೆಂದ. ಮಾಲಕನೇ ಸಿಮೆಂಟು ಕಡಿಮೆ ಹಾಕು ಅಂತಾನ. ಗುತ್ತಿಗೆದಾರ ದರ ಹಿಂಡತಾನ. ದಿನಗೂಲಿಯ ಹುಡುಗ ಎದುರಾಡಿದರೆ ನಾಳೆ ಅವನಿಗೆ ಕೆಲಸ ಇರಂಗಿಲ್ಲ. ಹೊಟ್ಟೆಪಾಡು ಏನ್ ಮಾಡೂದು?"

ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹೊಣೆ ಯಾವಾಗಲೂ ಅಧಿಕಾರಕ್ಕೆ ತಕ್ಕಂತೆ ಇರುತ್ತದೆ. ಹದಿನೆಂಟು ವರ್ಷದ ಶಾಗಿರ್ದನ ಮೇಲೆ ಗುತ್ತಿಗೆದಾರನಷ್ಟೇ ಹೊಣೆ ಹೊರಿಸಿದರೆ ಅದು ಅನ್ಯಾಯ. ಹುಡುಗ ಮಾಡಬಹುದಾದುದು ಇಷ್ಟು: ತಪ್ಪು ಕಂಡರೆ ವಿನಯದಿಂದ ಉಸ್ತಾದನಿಗೆ ಹೇಳುವುದು, ತನ್ನ ಕೈಗೆ ಕೊಟ್ಟ ಕೆಲಸವನ್ನು ಸರಿಯಾಗಿ ಮಾಡುವುದು, ಜನರ ಪ್ರಾಣಕ್ಕೆ ಅಪಾಯವೆಂದು ಖಚಿತವಾದರೆ ಆ ಕೆಲಸ ಬಿಡುವುದು. ಬಿಟ್ಟು ಬಂದ ಮಗನನ್ನು ಮನೆಯವರು "ಕೈಗೆ ಬಂದ ಕೂಲಿ ಕಳಕೊಂಡ" ಎಂದು ಬೈಯದೆ ಬೆಂಬಲಿಸುವುದು ಅಷ್ಟೇ ಮುಖ್ಯ. ಹುಡುಗನ ಧೈರ್ಯ ಅರ್ಧ ಅವನದು. ಅರ್ಧ ಅವನ ಮನೆಯದು.

ಉಸ್ತಾದನ ಸ್ಥಿತಿ ಬೇರೆ. "ಮಾಲಕ ಹೇಳಿದ, ನಾನು ಮಾಡಿದೆ" ಎಂಬುದು ಅವನಿಗೆ ನೆಪವಾಗದು. ಅಪಾಯ ಏನೆಂದು ಮಾಲಕನಿಗೆ ತಿಳಿಯದಿರಬಹುದು, ಉಸ್ತಾದನಿಗೆ ತಿಳಿದಿದೆ. ಬಲ್ಲವನ ಮೌನ ಒಪ್ಪಿಗೆಯೇ ಸರಿ.

ಮನೆ ಕಟ್ಟಿಸುವ ಓದುಗರೇ, ನಿಮ್ಮ ಪಾಲೂ ಇದರಲ್ಲಿದೆ. ನಾಲ್ಕು ಮಂದಿಯನ್ನು ಕರೆದು, ಒಬ್ಬರ ವಿರುದ್ಧ ಇನ್ನೊಬ್ಬರನ್ನು ನಿಲ್ಲಿಸಿ, ಯಾವ ಪ್ರಾಮಾಣಿಕ ಗವಂಡಿಗೂ ಪೂರೈಸದ ದರಕ್ಕೆ ಕೆಲಸ ಕೊಟ್ಟ ಮೇಲೆ, ಅವನು ಎಲ್ಲಿ ಉಳಿಸುತ್ತಾನೆಂದು ನೀವು ತಿಳಿದಿದ್ದೀರಿ? ಮುಚ್ಚಿಹೋಗುವ ಜಾಗದಲ್ಲಿ. ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬ ಉಪದೇಶವನ್ನು ನಾವು ಮಸೀದಿಯಲ್ಲಿ ಕೇಳುತ್ತೇವೆ. ಕೊನೆಯ ಕಂತನ್ನು ಮಾತ್ರ ಮೂರು ತಿಂಗಳು ತಡೆಹಿಡಿಯುತ್ತೇವೆ. ಕಳ್ಳ ಕೆಲಸಕ್ಕೆ ಹೀಗೆ ಅವಕಾಶ ಮಾಡಿಕೊಟ್ಟವನು ಅದರಿಂದ ಪೂರ್ತಿಯಾಗಿ ಕೈ ತೊಳೆದುಕೊಳ್ಳಲಾರ.

ಇನ್ನು, ಮಾಲಕ ಕೆಟ್ಟವನಾದರೆ ಕೆಲಸವನ್ನೂ ಕೆಡಿಸಬಹುದೇ? ಶುಕ್ರವಾರ ನಾವು ಓದುವ ಅಲ್ ಕಹ್ಫ್ ಅಧ್ಯಾಯದಲ್ಲಿ ಇದಕ್ಕೆ ಉತ್ತರವಿದೆ. ಪ್ರವಾದಿ ಮೂಸಾ(ಅ)ರು ವಿದ್ಯೆ ಕಲಿಯಲು ಒಬ್ಬ ಗುರುವಿನ ಹಿಂದೆ ಹೊರಟಿದ್ದರು. ಅವರು ಖಿಝರ್ ಎಂದು ಹದೀಸ್‌ಗಳಲ್ಲಿದೆ. ಇಬ್ಬರೂ ಒಂದು ಊರಿಗೆ ಬಂದು ಊಟ ಕೇಳಿದರು. ಊರವರು ಆತಿಥ್ಯ ನೀಡಲು ನಿರಾಕರಿಸಿದರು. ಆದರೂ ಅಲ್ಲಿ ಬೀಳುವ ಹಂತದಲ್ಲಿದ್ದ ಗೋಡೆಯೊಂದನ್ನು ಗುರುಗಳು ನೆಟ್ಟಗೆ ನಿಲ್ಲಿಸಿದರು. ಇದಕ್ಕೆ ಕೂಲಿಯನ್ನಾದರೂ ಪಡೆಯಬಹುದಿತ್ತಲ್ಲ ಎಂದು ಮೂಸಾ(ಅ)ರು ಹೇಳಿದರು. ಆ ಗೋಡೆಯ ಕೆಳಗೆ ಇಬ್ಬರು ಅನಾಥ ಬಾಲಕರ ನಿಧಿ ಅಡಗಿತ್ತೆಂಬುದು ಆ ಮೇಲೆ ತಿಳಿಯಿತು. ಕಟ್ಟುವವನಿಗೆ ಎದುರಿಗೆ ಕಾಣುವುದು ಜಿಪುಣ ಮಾಲಕ. ಆದರೆ ಗೋಡೆಯ ನೆರಳಿನಲ್ಲಿ ಯಾರ ಹಕ್ಕು ಅಡಗಿದೆಯೋ ಅವನಿಗೆ ಗೊತ್ತಿಲ್ಲ. ನಾಳೆ ಆ ಮನೆಯಲ್ಲಿ ಬಾಡಿಗೆಗೆ ಬರುವ ವಿಧವೆ, ಅಲ್ಲಿ ಹುಟ್ಟುವ ಕೂಸು, ಗೋಡೆಗೊರಗಿ ಕೂಡುವ ಮುದುಕ, ಇವರಾರೂ ಅವನಿಗೆ ಅನ್ಯಾಯ ಮಾಡಿದವರಲ್ಲ.

ಉಸ್ತಾದನ ಸಾಲ

ಶಾಗಿರ್ದನಿಗೆ ಉಸ್ತಾದನ ಮೇಲೆ ಹಕ್ಕುಗಳಿವೆ. ನಮ್ಮ ಕಡೆ ಒಂದು ಕೆಟ್ಟ ರೂಢಿಯಿದೆ. ಎರಡು ಮೂರು ವರ್ಷ ಹುಡುಗನಿಂದ ಬುಟ್ಟಿ ಹೊರಿಸುವುದು, ಚಹ ತರಿಸುವುದು. ಒಳಂಬ ಬಿಡುವುದು, ಮೂಲೆ ಕೂಡಿಸುವುದು, ಅಳತೆಯ ಲೆಕ್ಕ ಹಾಕುವುದು ಇವನ್ನು ಮಾತ್ರ ಬೆನ್ನು ತಿರುಗಿಸಿ ಮಾಡುವುದು. ಹುಡುಗ ಕಲಿತರೆ ತನಗೇ ಎದುರಾಳಿಯಾದಾನೆಂಬ ಭಯ. ಇದು ವಿಶ್ವಾಸದ ಕೊರತೆ. ಅನ್ನ ಕೊಡುವವನು ಅಲ್ಲಾಹನೆಂದು ನಂಬಿದವನು ವಿದ್ಯೆಯನ್ನು ಬಚ್ಚಿಡುವುದಿಲ್ಲ. ಬುಟ್ಟಿ ಹೊರಿಸುವುದಷ್ಟೇ ಆದರೆ ಹುಡುಗನನ್ನು ಕೂಲಿಯೆಂದು ಕರೆದು ಪೂರ್ತಿ ಕೂಲಿ ಕೊಡಬೇಕು. "ಕಲಿಸ್ತೇನಿ" ಎಂಬ ಹೆಸರಿನಲ್ಲಿ ಅರ್ಧ ಕೂಲಿ ಕೊಟ್ಟು ಏನನ್ನೂ ಕಲಿಸದಿರುವುದು ಅಳತೆಯಲ್ಲಿ ಮೋಸ ಮಾಡಿದಂತೆ.

ಬೈಗುಳ, ಹೊಡೆತಗಳೂ ಕಲಿಸುವ ವಿಧಾನವಲ್ಲ. ಅನಸ್(ರ)ರು ಎಳೆಯ ವಯಸ್ಸಿನಲ್ಲಿಯೇ ಪ್ರವಾದಿವರ್ಯರ(ಸ) ಸೇವೆಗೆ ಸೇರಿ ಹತ್ತು ವರ್ಷ ಇದ್ದರು. ಆ ಹತ್ತು ವರ್ಷಗಳಲ್ಲಿ ತಮ್ಮ ಮೇಲೆ ಒಮ್ಮೆಯೂ ಬೇಸರದ ಒಂದು ಉದ್ಗಾರ ಕೂಡ ಬರಲಿಲ್ಲವೆಂದು ಅವರು ಸ್ಮರಿಸಿದ್ದಾರೆ. ಸಾರವೆ ಕಟ್ಟುವಾಗ ಹುಡುಗನ ಕಾಲಿನ ಕೆಳಗಿನ ಹಲಗೆಯನ್ನು ಪರೀಕ್ಷಿಸುವುದು, ತಲೆಗೆ ಹೆಲ್ಮೆಟ್ ಕೊಡುವುದು, ನಮಾಝಿಗೆ ಹತ್ತು ನಿಮಿಷ ಬಿಡುವುದು ಇವೆಲ್ಲ ಉಸ್ತಾದನ ಔದಾರ್ಯವೆಂದು ತಿಳಿಯಬಾರದು. ಅವು ಅವನು ತೀರಿಸಬೇಕಾದ ಸಾಲ.

ಕಾನೂನಿನ ದಾರಿಯನ್ನೂ ತಿಳಿದಿರಬೇಕು. 14 ವರ್ಷದೊಳಗಿನ ಮಕ್ಕಳನ್ನು ಯಾವ ಉದ್ಯೋಗಕ್ಕೂ ನೇಮಿಸಿಕೊಳ್ಳುವುದನ್ನು 2016ರ ತಿದ್ದುಪಡಿ ನಿಷೇಧಿಸಿದೆ. ಅಂಥ ಮಗುವಿನ ಜಾಗ ಶಾಲೆ. ಓದು ನಿಂತ ಹುಡುಗನಿಗೂ ಮರುಪರೀಕ್ಷೆಯ ಬಾಗಿಲು ತೆರೆದೇ ಇರುತ್ತದೆ. ಕಸುಬು ಮತ್ತು ಓದು ಪರಸ್ಪರ ವೈರಿಗಳಲ್ಲ. ಐ.ಟಿ.ಐ.ಗಳಲ್ಲಿ ಎಲೆಕ್ಟ್ರಿಷಿಯನ್, ಪ್ಲಂಬರ್, ಬಡಗಿ ಮುಂತಾದ ತರಬೇತಿಗಳಿವೆ. 1961ರ ಅಪ್ರೆಂಟಿಸ್ ಕಾಯಿದೆಯಡಿ ಲಿಖಿತ ಒಪ್ಪಂದದೊಡನೆ, ಮಾಸಿಕ ಭತ್ಯೆಯೊಡನೆ ಕಲಿಯುವ ಅವಕಾಶವೂ ಇದೆ. 18 ತುಂಬಿ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಅಪಘಾತವಾದ ದಿನ ಈ ಕಾಗದದ ಬೆಲೆ ತಿಳಿಯುತ್ತದೆ.

ಒಪ್ಪಿಸುವ ಮೊದಲು

ಹಾಗಾದರೆ ಮಗನನ್ನು ಯಾರ ಕೈಗೆ ಒಪ್ಪಿಸಬೇಕು? ಮದ್ಯನ್‌ನ ಆ ಹಿರಿಯರ ಮಗಳು ತಂದೆಗೆ ಕೊಟ್ಟ ಸಲಹೆಯನ್ನು ಅಲ್ ಕಸಸ್ ಅಧ್ಯಾಯದಲ್ಲಿ ಓದಿದ್ದೀರಿ. ಮೂಸಾ(ಅ)ರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತೆ ಹೇಳುವಾಗ ಆಕೆ ನೋಡಿದ್ದು ಎರಡೇ ಗುಣ: ಸಾಮರ್ಥ್ಯ ಮತ್ತು ಪ್ರಾಮಾಣಿಕತೆ. ಆ ಮೇಲೆ ಎಂಟು ವರ್ಷ, ಬೇಕೆಂದರೆ ಹತ್ತು ವರ್ಷ ಎಂದು ಅವಧಿಯೂ ಸ್ಪಷ್ಟವಾಗಿ ಮಾತಾಯಿತು. ಕೆಲಸಗಾರನಲ್ಲಿ ನೋಡಬೇಕಾದ ಆ ಎರಡು ಗುಣಗಳನ್ನು ಉಸ್ತಾದನಲ್ಲಿಯೂ ನೋಡಿ. ಸಾಮರ್ಥ್ಯವಿದ್ದು ಪ್ರಾಮಾಣಿಕತೆ ಇಲ್ಲದವನು ಮಗನಿಗೆ ಜಾಣತನದ ಮೋಸ ಕಲಿಸುತ್ತಾನೆ. ಪ್ರಾಮಾಣಿಕತೆಯಿದ್ದು ಸಾಮರ್ಥ್ಯವಿಲ್ಲದವನು ಒಳ್ಳೆಯ ಮನಸ್ಸಿನಿಂದಲೇ ವಕ್ರ ಗೋಡೆ ಕಟ್ಟುತ್ತಾನೆ. ಅವನು ಐದಾರು ವರ್ಷದ ಹಿಂದೆ ಕಟ್ಟಿದ ಮನೆಗೆ ಹೋಗಿ, ಅಲ್ಲಿನ ಗೃಹಿಣಿಯನ್ನು ಕೇಳಿ: ಮಳೆಗಾಲದಲ್ಲಿ ಸೋರುತ್ತದೆಯೇ? ಅವನ ಹಳೆಯ ಶಾಗಿರ್ದರನ್ನು ಕೇಳಿ: ಏನು ಕಲಿಸಿದ, ಕೂಲಿ ಹೇಗೆ ಕೊಟ್ಟ? ಅವಧಿ ಎಷ್ಟು, ಕೂಲಿ ಎಷ್ಟು ಎಂಬುದನ್ನು ಮೊದಲೇ ಮಾತಾಡಿ ಬರೆದಿಡಿ.

ಇನ್ನು ನಿನಗೆ ಒಂದು ಮಾತು, ಥಾಪಿ ಹಿಡಿಯಹೊರಟ ತಮ್ಮಾ. ನಿನ್ನ ಕೈಗೆ ಮೊದಲು ಬರುವ ಕೆಲಸ ಬಹುಶಃ ನೀರು ಹಾಕುವುದು. ಸ್ಲ್ಯಾಬ್ ಹಾಕಿದ ಮೇಲೆ ಅದನ್ನು ಕನಿಷ್ಠ ಏಳು ದಿನ, ಈಗಿನ ಬೂದಿ ಬೆರೆಸಿದ ಸಿಮೆಂಟಾದರೆ ಹತ್ತು ದಿನ, ಒಣಗದಂತೆ ನೋಡಿಕೊಳ್ಳಬೇಕು. ಎಲ್ಲರೂ ಮನೆಗೆ ಹೋದ ಮೇಲೆ ಮಾಡುವ ಕೆಲಸ ಅದು. ಯಾರೂ ಅದಕ್ಕೆ ಶಹಬ್ಬಾಸ್ ಎನ್ನುವುದಿಲ್ಲ. ಒಂದು ದಿನ ಬಿಟ್ಟರೂ ಯಾರಿಗೂ ತಿಳಿಯುವುದಿಲ್ಲ. ಆದರೆ ಆ ಸ್ಲ್ಯಾಬಿನ ಬಲದ ದೊಡ್ಡ ಪಾಲು ಆ ನೀರಿನಲ್ಲಿದೆ. ಅದನ್ನು ಕಿರಿಯವನ ಕೈಗೆ ಕೊಟ್ಟಿದ್ದಾರೆಂದು ಅದು ಕಿರಿದಾದ ಕೆಲಸವೆಂದು ತಿಳಿಯಬೇಡ. ಅದು ನಿನ್ನ ಮೊದಲ ಅಮಾನತ್.

ವಿಜಯಪುರದ ಗೋಲಗುಮ್ಮಟವನ್ನು ನೀನು ನೋಡಿರಬಹುದು. ಮುಹಮ್ಮದ್ ಆದಿಲ್ ಶಾಹ್ 1656ರಲ್ಲಿ ತೀರಿಕೊಂಡು ಅಲ್ಲಿ ದಫನಾದ. ನಡುವೆ ಒಂದೂ ಕಂಬವಿಲ್ಲದ ಆ ಗುಮ್ಮಟ ಇಂದಿಗೂ ನಿಂತಿದೆ. ದೊರೆಯ ಹೆಸರು ಎಲ್ಲರಿಗೂ ಗೊತ್ತು. ಅದರ ಸುಣ್ಣದ ಗಾರೆ ಅರೆದವರ, ಕಲ್ಲು ಕೂಡಿಸಿದವರ, ನೀರು ಹೊತ್ತ ಹುಡುಗರ ಹೆಸರುಗಳು ನಮಗೆ ಗೊತ್ತಿಲ್ಲ. ಅವರ ಕೆಲಸ ಗೋಡೆಯೊಳಗೆ ಮುಚ್ಚಿಹೋಗಿದೆ. ಮುನ್ನೂರೈವತ್ತಕ್ಕೂ ಹೆಚ್ಚು ವರ್ಷಗಳಿಂದ ಭಾರ ಹೊರುತ್ತಲೇ ಇದೆ.

ಎಂದಾದರೂ ಈದ್ ಹಬ್ಬದ ದಿನವೇ ನಿನ್ನ ಸ್ಲ್ಯಾಬಿನ ಮೂರನೆಯ ದಿನವಾಗಿ ಬರಬಹುದು. ನಮಾಝ್ ಮುಗಿದಿರುತ್ತದೆ, ಮನೆಯಲ್ಲಿ ಶೀರ್‌ಖುರ್ಮಾ ಆಗಿರುತ್ತದೆ, ಗೆಳೆಯರು ಕರೆಯುತ್ತಿರುತ್ತಾರೆ. ಮಾಲಕರು ಊರಲ್ಲಿರುವುದಿಲ್ಲ, ಉಸ್ತಾದ ಕೇಳುವುದೂ ಇಲ್ಲ. ಹೊಸ ಅಂಗಿಯ ತೋಳು ಮಡಚಿ, ಸೈಕಲ್ ಹತ್ತಿ, ಹೋಗಿ ಆ ಸ್ಲ್ಯಾಬಿಗೆ ನೀರು ಹಾಕಿ ಬಾ. ಆ ಹೊತ್ತಿಗೆ ಅಲ್ಲಿ ನಿನ್ನನ್ನು ನೋಡುವವನು ಒಬ್ಬನೇ ಇರುತ್ತಾನೆ. ಅವನು ನೋಡಿದರೆ ಸಾಕು.